ಕಣ್ಣೆದುರಿನ ದೃಷ್ಟಾಂತಗಳು

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ಸಂಜೆ ಬಂಗಾರಪೇಟೆಯ ಮದ್ರಸವೊಂದರಲ್ಲಿ ಮಕ್ಕಳಿಗೆ ಸೂರಃ ಅಲ್ ಗಾಶಿಯಃದ ಅರ್ಥವನ್ನು ಹೇಳಿಕೊಡುತ್ತಿದ್ದೆ. ಪಾಠ ಆರಂಭವಾಗಿ ಅರ್ಧ ಗಂಟೆಯಾದ ಮೇಲೆ ಒಂಬತ್ತು ವರ್ಷದ ಒಬ್ಬಳು ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ದುಪಟ್ಟಾ ಒದ್ದೆಯಾಗಿತ್ತು, ಚಪ್ಪಲಿಯ ತುಂಬ ಕೆಸರು. ಯಾಕೆ ತಡವಾಯಿತೆಂದು ಕೇಳಿದೆ. "ಹಜ್ರತ್, ಬಾವಿಯ ಹತ್ತಿರದ ಈಚಲ ಮರದಲ್ಲಿ ಹಕ್ಕಿ ಗೂಡು ಕಟ್ಟುತ್ತಿತ್ತು. ನೋಡುತ್ತಾ ನಿಂತುಬಿಟ್ಟೆ" ಎಂದಳು. ಅವಳ ಮುಖದಲ್ಲಿ ಭಯಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ಅದೇ ನನಗೆ ಸಿಟ್ಟು ತರಿಸಿತು. ಅಲ್ಲಾಹನ ವಚನವನ್ನು ಬಿಟ್ಟು ಹಕ್ಕಿ ನೋಡುತ್ತಾ ನಿಲ್ಲುವವಳಿಗೆ ಮದ್ರಸ ಯಾಕೆ ಬೇಕು ಎಂದು ಎಲ್ಲರ ಮುಂದೆ ಗದರಿಸಿ, ಗೋಡೆಯ ಪಕ್ಕದಲ್ಲಿ ನಿಲ್ಲಿಸಿದೆ.

ಪಾಠ ಮುಂದುವರಿಯಿತು. ನಾವು ಆ ಅಧ್ಯಾಯದ ಹದಿನೇಳನೆಯ ಸೂಕ್ತಕ್ಕೆ ಬಂದಿದ್ದೆವು. ಒಂಟೆಯನ್ನು ಹೇಗೆ ಸೃಷ್ಟಿಸಲಾಗಿದೆ, ಆಕಾಶವನ್ನು ಹೇಗೆ ಎತ್ತರಿಸಲಾಗಿದೆ, ಪರ್ವತಗಳನ್ನು ಹೇಗೆ ನಾಟಲಾಗಿದೆ, ಭೂಮಿಯನ್ನು ಹೇಗೆ ಹಾಸಲಾಗಿದೆ ಎಂಬುದನ್ನು ಜನರು ನೋಡುವುದಿಲ್ಲವೇ ಎಂದು ಅಲ್ಲಾಹನು ಅಲ್ಲಿ ಪ್ರಶ್ನಿಸುತ್ತಾನೆ. ಅರ್ಥ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬ ಕೈಯೆತ್ತಿದ. "ಹಜ್ರತ್, ನಾವು ಒಂಟೆ ನೋಡಿಯೇ ಇಲ್ಲ. ನಾವು ಏನು ನೋಡಬೇಕು?"

ನಾನು ಉತ್ತರಿಸಲಿಲ್ಲ. ಮಕ್ಕಳೆಲ್ಲ ಗೋಡೆಯ ಪಕ್ಕ ನಿಂತಿದ್ದ ಹುಡುಗಿಯ ಕಡೆಗೆ ತಿರುಗಿ ನೋಡಿದರು. ಮಕ್ಕಳಿಗೆ ಉತ್ತರ ಗೊತ್ತಿತ್ತು. ಹತ್ತು ವರ್ಷ ಮದ್ರಸದಲ್ಲಿ ಓದಿದ್ದ ನನಗೆ ಮಾತ್ರ ಗೊತ್ತಿರಲಿಲ್ಲ.

ಒಂಟೆಯೇ ಏಕೆ?

ಸಹೋದರ ಸಹೋದರಿಯರೇ, ಈ ಸೂಕ್ತವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಪ್ರವಾದಿವರ್ಯರು(ಸ) ಜುಮುಅಃ ಮತ್ತು ಈದ್ ನಮಾಝ್‌ಗಳಲ್ಲಿ ಈ ಅಧ್ಯಾಯವನ್ನು ಓದುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ಅಂದರೆ ಜನರು ಬಹುಸಂಖ್ಯೆಯಲ್ಲಿ ಸೇರುವ ಸಂದರ್ಭದಲ್ಲಿ ಅವರ ಕಿವಿಗೆ ಬೀಳಬೇಕಾದ ಮಾತು ಇದು. ಹಾಗಾದರೆ ಅಲ್ಲಾಹನು ಒಂಟೆಯನ್ನೇ ಏಕೆ ಮೊದಲು ಹೆಸರಿಸಿದನು?

ವ್ಯಾಖ್ಯಾನಕಾರರು ಇದಕ್ಕೆ ಕೊಟ್ಟ ಉತ್ತರ ಸರಳವಾಗಿದೆ. ಮರುಭೂಮಿಯಲ್ಲಿ ಪ್ರಯಾಣಿಸುವ ಅರಬನ ಮುಂದೆ ಇದ್ದುದೇ ಅದು. ಅವನು ಕುಳಿತಿರುವುದು ಒಂಟೆಯ ಮೇಲೆ. ತಲೆಯೆತ್ತಿದರೆ ಆಕಾಶ, ಅಕ್ಕಪಕ್ಕ ನೋಡಿದರೆ ಪರ್ವತ, ತಲೆ ತಗ್ಗಿಸಿದರೆ ಭೂಮಿ. ದೂರದ ಯಾವ ಅದ್ಭುತವನ್ನೂ ಹುಡುಕಿಕೊಂಡು ಹೋಗುವಂತೆ ಅವನಿಗೆ ಹೇಳಲಾಗಿಲ್ಲ. ಪ್ರತಿದಿನ ಮೇವು ಹಾಕಿ, ಹಗ್ಗ ಹಿಡಿದು, ಹೊರೆ ಹೇರಿ ಸಾಕಾಗಿರುವ ಪ್ರಾಣಿಯನ್ನೇ ಇನ್ನೊಮ್ಮೆ ನೋಡು ಎನ್ನಲಾಗಿದೆ. ಬಿರುಗಾಳಿಯ ಮರಳನ್ನು ತಡೆಯುವ ಅದರ ಎರಡು ಸಾಲಿನ ರೆಪ್ಪೆಗೂದಲನ್ನು, ಬರಗಾಲಕ್ಕೆಂದು ಕೊಬ್ಬನ್ನು ಕೂಡಿಟ್ಟುಕೊಂಡ ಅದರ ಡುಬ್ಬವನ್ನು, ಮರಳಿನಲ್ಲಿ ಹೂತುಹೋಗದ ಅದರ ಅಗಲವಾದ ಪಾದವನ್ನು ನೋಡು ಎನ್ನಲಾಗಿದೆ.

ಹಾಗಾದರೆ ಕೋಲಾರ ಸೀಮೆಯಲ್ಲಿ ಬದುಕುವ ನಮಗೆ ಈ ಸೂಕ್ತ ಏನು ಹೇಳುತ್ತದೆ? ನಮ್ಮ ಕಣ್ಣೆದುರು ದಿನವೂ ಇರುವುದನ್ನು ನೋಡಬೇಕೆಂದು ಹೇಳುತ್ತದೆ. ಬಾವಿಯ ಬಳಿಯ ಈಚಲ ಮರವನ್ನೂ ಅದರಲ್ಲಿ ತೂಗಾಡುವ ಗೀಜಗನ ಗೂಡನ್ನೂ ನೋಡಬೇಕೆನ್ನುತ್ತದೆ. ನನ್ನ ವಿದ್ಯಾರ್ಥಿನಿ ಪಾಠವನ್ನು ತಪ್ಪಿಸಿಕೊಂಡಿರಲಿಲ್ಲ. ನಾನು ಬಾಯಲ್ಲಿ ಹೇಳುತ್ತಿದ್ದ ಪಾಠವನ್ನು ಅವಳು ದಾರಿಯಲ್ಲೇ ಕಲಿತು ಬಂದಿದ್ದಳು.

ಸುಲೈಮಾನರ(ಅ) ಮುಗುಳ್ನಗೆ

ಚಿಕ್ಕ ಜೀವಿಗಳನ್ನು ಕಂಡು ಸಂತೋಷಪಡುವುದು ಮಕ್ಕಳಾಟ, ದೀನೀ ಗಾಂಭೀರ್ಯಕ್ಕೆ ತಕ್ಕದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ನನಗೂ ಇತ್ತು. ಆದರೆ ಪವಿತ್ರ ಕುರ್‌ಆನ್‌ನಲ್ಲಿ ಒಂದು ಇಡೀ ಅಧ್ಯಾಯಕ್ಕೆ ಇರುವೆಯ ಹೆಸರಿದೆ, ಇನ್ನೊಂದಕ್ಕೆ ಜೇನುಹುಳುವಿನ ಹೆಸರಿದೆ, ಮತ್ತೊಂದಕ್ಕೆ ಜೇಡನ ಹೆಸರಿದೆ.

ಸೂರಃ ಅನ್ನಮ್ಲ್‌ನಲ್ಲಿ ಬರುವ ಆ ಘಟನೆಯನ್ನು ನೆನಪಿಸಿಕೊಳ್ಳಿ. ಪ್ರವಾದಿ ಸುಲೈಮಾನ್(ಅ) ತಮ್ಮ ಮಹಾಸೇನೆಯೊಂದಿಗೆ ಇರುವೆಗಳ ಕಣಿವೆಗೆ ಬರುತ್ತಾರೆ. ಸೈನ್ಯದಲ್ಲಿ ಜಿನ್ನ್‌ಗಳಿದ್ದರು, ಮನುಷ್ಯರಿದ್ದರು, ಪಕ್ಷಿಗಳಿದ್ದವು. ಆಗ ಒಂದು ಇರುವೆ ತನ್ನ ಸಂಗಾತಿಗಳಿಗೆ, ಸುಲೈಮಾನ್ ಮತ್ತು ಅವರ ಸೇನೆ ಅರಿವಿಲ್ಲದೆ ನಿಮ್ಮನ್ನು ತುಳಿದುಬಿಡದಂತೆ ಗೂಡುಗಳೊಳಗೆ ಸೇರಿಕೊಳ್ಳಿ ಎಂದು ಎಚ್ಚರಿಸುತ್ತದೆ. ಆ ಮಾತು ಸುಲೈಮಾನರ(ಅ) ಕಿವಿಗೆ ಬೀಳುತ್ತದೆ. ಅಂಥ ವೈಭವದ ನಡುವೆ, ಅಂಥ ಪ್ರಯಾಣದ ಅವಸರದಲ್ಲಿ ಅವರು ಏನು ಮಾಡಿದರು? ಮುಗುಳ್ನಕ್ಕರು. ಕುರ್‌ಆನ್ ಆ ನಗೆಯನ್ನು ದಾಖಲಿಸಿಟ್ಟಿದೆ. ನಕ್ಕ ಬಳಿಕ ಅವರು ತಮ್ಮ ಪ್ರಭುವಿನ ಕಡೆಗೆ ತಿರುಗಿ, ತಮಗೂ ತಮ್ಮ ತಂದೆತಾಯಿಗೂ ದೊರೆತ ಅನುಗ್ರಹಗಳಿಗಾಗಿ ಕೃತಜ್ಞತೆ ಸಲ್ಲಿಸುವ ಸೌಭಾಗ್ಯವನ್ನೂ ಅವನು ಮೆಚ್ಚುವ ಸತ್ಕರ್ಮಗಳನ್ನು ಮಾಡುವ ಸಾಮರ್ಥ್ಯವನ್ನೂ ಬೇಡಿಕೊಂಡರು.

ಇಲ್ಲಿ ಮೂರು ಹೆಜ್ಜೆಗಳಿವೆ. ಮೊದಲು ಚಿಕ್ಕದೊಂದು ಗಮನಕ್ಕೆ ಬರುತ್ತದೆ. ಅದರಿಂದ ಮನಸ್ಸಿಗೆ ಸಂತೋಷವಾಗುತ್ತದೆ. ಆ ಸಂತೋಷ ಅಲ್ಲಿಗೇ ನಿಲ್ಲದೆ ಕೃತಜ್ಞತೆಯೂ ಸತ್ಕರ್ಮವೂ ಆಗುತ್ತದೆ. ಗಮನವಿಲ್ಲದವನಿಗೆ ಸಂತೋಷವಿಲ್ಲ, ಸಂತೋಷವಿಲ್ಲದವನ ಕೃತಜ್ಞತೆ ಬರೀ ನಾಲಗೆಯ ಮೇಲಿನದು. ನಾವು ದಿನಕ್ಕೆ ಎಷ್ಟು ಸಲ 'ಅಲ್‌ಹಮ್ದುಲಿಲ್ಲಾಹ್' ಎನ್ನುತ್ತೇವೆ? ಅವುಗಳಲ್ಲಿ ಎಷ್ಟು ಸಲ ಯಾವುದಕ್ಕೆ ಹೇಳುತ್ತಿದ್ದೇವೆಂದು ನಮಗೆ ತಿಳಿದಿರುತ್ತದೆ?

ನಮ್ಮ ಪ್ರವಾದಿವರ್ಯರ(ಸ) ಜೀವನವನ್ನು ನೋಡಿ. ಮಳೆ ಬಂದಾಗ ಅವರು ಮೈಮೇಲಿನ ಬಟ್ಟೆಯನ್ನು ಸ್ವಲ್ಪ ಸರಿಸಿ ಹನಿಗಳು ಮೈಗೆ ತಾಗುವಂತೆ ನಿಲ್ಲುತ್ತಿದ್ದರು. ಕಾರಣ ಕೇಳಿದಾಗ, ಅದು ತನ್ನ ಪ್ರಭುವಿನ ಬಳಿಯಿಂದ ಆಗಷ್ಟೇ ಬಂದದ್ದೆಂದು ತಿಳಿಸಿದರು. ಋತುವಿನ ಮೊದಲ ಹಣ್ಣನ್ನು ಜನರು ತಂದುಕೊಟ್ಟರೆ ಸಮೃದ್ಧಿಗಾಗಿ ಪ್ರಾರ್ಥಿಸಿ, ಅಲ್ಲಿದ್ದ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕದಕ್ಕೆ ಅದನ್ನು ಕೊಡುತ್ತಿದ್ದರು. ಹ. ಇಬ್ನು ಅಬ್ಬಾಸ್(ರ) ಬಾಲಕರಾಗಿದ್ದಾಗ ತಮ್ಮ ಚಿಕ್ಕಮ್ಮ ಹ. ಮೈಮೂನಾರ(ರ) ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು. ಪ್ರವಾದಿವರ್ಯರು(ಸ) ರಾತ್ರಿಯ ಕೊನೆಯ ಭಾಗದಲ್ಲಿ ಎದ್ದು, ಮೊದಲು ಆಕಾಶವನ್ನು ನೋಡಿ, ಸೂರಃ ಆಲು ಇಮ್ರಾನ್‌ನ ಕೊನೆಯ ಸೂಕ್ತಗಳನ್ನು ಓದಿದ್ದನ್ನು ಅವರು ಕಂಡರು. ಆಕಾಶ ಭೂಮಿಗಳ ಸೃಷ್ಟಿಯಲ್ಲೂ ರಾತ್ರಿ ಹಗಲುಗಳ ಬದಲಾವಣೆಯಲ್ಲೂ ಬುದ್ಧಿವಂತರಿಗೆ ದೃಷ್ಟಾಂತಗಳಿವೆ ಎಂದು ಸಾರುವ ಸೂಕ್ತಗಳು ಅವು. ಆಕಾಶವನ್ನು ನೋಡಿದ್ದು, ಸೂಕ್ತ ಓದಿದ್ದು, ವುಝೂ ಮಾಡಿ ನಮಾಝಿಗೆ ನಿಂತದ್ದು ಎಲ್ಲವೂ ಒಂದೇ ಆರಾಧನೆಯ ಭಾಗವಾಗಿದ್ದವು.

ಹ. ಅನಸ್(ರ)ರವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯನ್ನು ಸಾಕಿಕೊಂಡಿದ್ದ. ಪ್ರವಾದಿವರ್ಯರು(ಸ) ಆ ಮನೆಗೆ ಹೋದಾಗ ಮಗುವಿನ ಹೆಸರಿಗೆ ಪ್ರಾಸ ಕೂಡುವಂತೆ, ನಿನ್ನ ಪುಟ್ಟ ಹಕ್ಕಿ ಏನಾಯಿತೆಂದು ವಿನೋದವಾಗಿ ವಿಚಾರಿಸುತ್ತಿದ್ದರು. ಈ ಹದೀಸನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಕಂಠಪಾಠ ಮಾಡಿದ್ದೆ. ಸರ್ವಲೋಕಗಳ ಕಾರುಣ್ಯವಾಗಿ ಬಂದವರು ಮಗುವಿನೊಂದಿಗೆ ಹಕ್ಕಿಯ ವಿಷಯ ಮಾತಾಡಿದರು. ಅವರ ಹದೀಸನ್ನು ಕಲಿಸುವ ನಾನು ಹಕ್ಕಿಯ ವಿಷಯ ಹೇಳಿದ ಮಗುವನ್ನು ಗೋಡೆಗೆ ನಿಲ್ಲಿಸಿದೆ. ಆ ಸಂಜೆ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕುಳಿತು ಮನೆಗೆ ಮರಳುವಾಗ ಈ ಯೋಚನೆ ನನ್ನನ್ನು ಬಿಡಲಿಲ್ಲ.

ಬಂಗಾರದ ಊರಿನ ಬಡತನ

ನನ್ನ ಮನೆ ಕೆ.ಜಿ.ಎಫ್.ನಲ್ಲಿದೆ. ಭೂಮಿಯನ್ನು ನಮ್ಮ ಊರಿನಷ್ಟು ಆಳವಾಗಿ ಬಗೆದು ನೋಡಿದ ಊರು ಪ್ರಪಂಚದಲ್ಲೇ ವಿರಳ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪೆನಿ ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1902ರಲ್ಲಿ ದೂರದ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂತು. 2001ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿತು. ಈಗ ಉಳಿದಿರುವುದು ಗಣಿಯ ಗೋಪುರಗಳು, ಮತ್ತು ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿಯ ಸಯನೈಡ್ ದಿಬ್ಬಗಳು. ಊರಿನಲ್ಲಿ ಇನ್ನೇನೂ ಉಳಿದಿಲ್ಲ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ.

ಆದರೆ ನಮ್ಮ ಕಾಲಡಿಯ ಕಲ್ಲನ್ನು ನಾವು ಒಂದೇ ದೃಷ್ಟಿಯಿಂದ ನೋಡಿದೆವು. ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆ ಎಂದು ಮಾತ್ರ ಕೇಳಿದೆವು. ಸೂರಃ ಫಾತಿರ್‌ನಲ್ಲಿ ಅಲ್ಲಾಹನು ಬಣ್ಣಬಣ್ಣದ ಹಣ್ಣುಗಳನ್ನು ಹೇಳಿ, ಅದರ ಬೆನ್ನಿಗೇ ಪರ್ವತಗಳಲ್ಲಿರುವ ಬಿಳಿ ಮತ್ತು ಕೆಂಪು ಪಟ್ಟೆಗಳನ್ನು, ಕಡುಗಪ್ಪು ಶಿಲೆಗಳನ್ನು ಹೆಸರಿಸುತ್ತಾನೆ. ಆಮೇಲೆ, ತನ್ನ ದಾಸರಲ್ಲಿ ತನ್ನನ್ನು ಭಯಪಡುವವರು ಜ್ಞಾನವುಳ್ಳವರೇ ಎನ್ನುತ್ತಾನೆ. ನಮ್ಮ ಊರಿನಲ್ಲಿ ಕಲ್ಲು ಒಡೆದವರಿಗೆ ಈ ಬಣ್ಣಗಳು ಹೊಸವಲ್ಲ. ಕಪ್ಪು ಶಿಲೆಯ ನಡುವೆ ಹಾಲಿನ ಗೆರೆಯಂತೆ ಓಡುವ ಬಿಳಿ ಬೆಣಚುಕಲ್ಲಿನ ಪದರದಲ್ಲೇ ಚಿನ್ನ ಇರುತ್ತಿತ್ತು. ಈ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕೆ.ಜಿ.ಎಫ್. ಬಳಿಯ ಪೆದ್ದಪಲ್ಲಿಯಲ್ಲಿ ಪುರಾತನ ಜ್ವಾಲಾಮುಖಿ ಸಿಡಿಸಿದ ಚೂರುಗಳು ಗಟ್ಟಿಯಾಗಿ ನಿಂತ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದರ ಪಕ್ಕದಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಒಮ್ಮೆ ನಿಂತು ಆ ಬಂಡೆಯ ಮೇಲೆ ಕೈಯಿಟ್ಟಿದ್ದೇವೆ?

ಇನ್ನೊಂದು ಸಂಗತಿ ನಮ್ಮ ಮಕ್ಕಳಿಗೆ ತಿಳಿದಿರಬೇಕು. ಚಿನ್ನಕ್ಕಾಗಿ ತೋಡಿದ ಆ ಗಣಿಗೆ ಚಿನ್ನ ಬೇಡದ ಕೆಲವರೂ ಇಳಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಂಗಡಿಗರೊಂದಿಗೆ ಚಾಂಪಿಯನ್ ರೀಫ್‌ನಲ್ಲಿ ಎರಡು ಕಿಲೋಮೀಟರಿಗಿಂತ ಕೆಳಗೆ ಉಪಕರಣಗಳನ್ನಿಟ್ಟು ಕಾದರು. ಅವರು ಹುಡುಕುತ್ತಿದ್ದುದು ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣವನ್ನು. ಅದು ಇಡೀ ಭೂಮಿಯನ್ನೇ ಹಾದು ಹೋಗುತ್ತದೆ, ಯಾವುದಕ್ಕೂ ತಗಲುವುದು ಬಹಳ ಅಪರೂಪ. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ, ಇದೊಂದು ಮಾತ್ರ ಕೆಳಗೆ ಬರುತ್ತದೆ. ಭೂಮಿಯ ವಾಯುಮಂಡಲದಲ್ಲಿ ಹುಟ್ಟುವ ಆ ಕಣದ ಗುರುತು 1965ರಲ್ಲಿ ನಮ್ಮ ಊರಿನ ಕತ್ತಲೆಯಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದು ಸಿಕ್ಕಿತು. ಇಂಥ ಕಣ ಕಂಡದ್ದು ಪ್ರಪಂಚದಲ್ಲಿ ಅದೇ ಮೊದಲು.

ಕುರ್‌ಆನ್ ವಿಜ್ಞಾನದ ಪಠ್ಯಪುಸ್ತಕವಲ್ಲ. ಪ್ರತಿಯೊಂದು ಸಂಶೋಧನೆಯನ್ನೂ ಎಳೆದು ತಂದು ಸೂಕ್ತಗಳಿಗೆ ಕಟ್ಟುವ ಅಗತ್ಯ ನಮಗಿಲ್ಲ. ಆದರೆ ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶವನ್ನು ಓದುವಾಗ ನಮ್ಮ ಊರಿನವರ ಹೃದಯ ಬೇರೆಯವರಿಗಿಂತ ಹೆಚ್ಚು ನಡುಗಬೇಕು. ಸಾಸಿವೆ ಕಾಳಿನಷ್ಟು ಚಿಕ್ಕದೊಂದು ಬಂಡೆಯೊಳಗೆ ಅಡಗಿದ್ದರೂ, ಆಕಾಶಗಳಲ್ಲಿದ್ದರೂ, ಭೂಮಿಯಲ್ಲಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂದು ಅವರು ಹೇಳಿದ್ದರು. ಬಂಡೆಯೊಳಗೆ ಸಾಸಿವೆಯಷ್ಟನ್ನು ಹುಡುಕುವುದರ ಕಷ್ಟ ಏನೆಂದು ನಮ್ಮ ತಂದೆ ತಾತಂದಿರಿಗೆ ಗೊತ್ತಿತ್ತು. ನಾವು ಮಾಡಿದ ಅಣುವಿನಷ್ಟು ಒಳಿತೂ ಅಣುವಿನಷ್ಟು ಕೆಡುಕೂ ಹಾಗೆಯೇ ಒಂದು ದಿನ ಹೊರಬರಲಿದೆ.

ಕೆಳಗೆ ಹಕ್ಕಿ ಇರಲಿಲ್ಲ

ನನ್ನ ತಂದೆ ಇಪ್ಪತ್ತೆರಡು ವರ್ಷ ಗಣಿಯೊಳಗೆ ಕೆಲಸ ಮಾಡಿದವರು. ಗಣಿ ಮುಚ್ಚಿದಾಗ ನಾನು ಹತ್ತು ವರ್ಷದ ಹುಡುಗ. ಅಬ್ಬಾ ಹಲವು ವಾರ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಪಾಳಿಯ ಸೈರನ್ ಇಲ್ಲದಿದ್ದರೂ ಅದೇ ಹೊತ್ತಿಗೆ ಎದ್ದು ಹೊಸ್ತಿಲ ಮೇಲೆ ಕೂರುತ್ತಿದ್ದರು. ಅಮ್ಮಿ ಚಹಾ ಇಟ್ಟು ಹೋದರೆ ಅದು ಆರಿಹೋಗುತ್ತಿತ್ತು. ಮನೆಯಲ್ಲಿ ಮೂವರು ಮಕ್ಕಳು, ಸಾಲ ಬೇರೆ.

ಆ ವರ್ಷದ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅವರು ಫಜ್ರ್ ನಮಾಝ್ ಮುಗಿಸಿ ಬಂದು ನನ್ನನ್ನು ಎಬ್ಬಿಸಿ ಹೊರಗೆ ಕರೆದೊಯ್ದರು. ಒದ್ದೆ ಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂಥ ಪುಟ್ಟ ಹುಳುಗಳು ಹರಿದಾಡುತ್ತಿದ್ದವು. ನಮ್ಮ ಮನೆಗಳಲ್ಲಿ ಹಿರಿಯರು ಅದನ್ನು ಬೀರ್ ಬಹೂಟಿ ಎನ್ನುತ್ತಾರೆ. ವರ್ಷದ ಬಹುಭಾಗ ಮಣ್ಣಿನೊಳಗೆ ಅಡಗಿದ್ದು, ಮೊದಲ ಮಳೆಯ ಬಳಿಕ ಕೆಲವೇ ದಿನ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಅಬ್ಬಾ ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡರು. ಅದು ಕಾಲುಗಳನ್ನು ಮುದುಡಿಕೊಂಡು ಸುಮ್ಮನಾಯಿತು. ಸ್ವಲ್ಪ ಹೊತ್ತಿನ ಮೇಲೆ ಧೈರ್ಯ ಬಂದು ನಡೆಯತೊಡಗಿತು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ. "ಸುಬ್‌ಹಾನಲ್ಲಾಹ್, ಇದಕ್ಕೆ ಮಳೆ ಬಂದದ್ದು ಯಾರು ಹೇಳಿದರು?" ಎಂದರು. ಮತ್ತೆ ಅದನ್ನು ಮಣ್ಣಿಗೆ ಬಿಟ್ಟು ಒಳಗೆ ಹೋಗಿ, ಅಂದು ಚಹಾವನ್ನು ಬಿಸಿಯಾಗಿಯೇ ಕುಡಿದರು. ಮುಂದಿನ ವಾರ ಬಂಗಾರಪೇಟೆಯ ಮಂಡಿಯೊಂದರಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದರು.

ಒಂದು ಕೆಂಪು ಹುಳು ಸಾಲ ತೀರಿಸಲಿಲ್ಲ. ಕೆಲಸವನ್ನೂ ಕೊಡಿಸಲಿಲ್ಲ. ಆದರೆ ಮಣ್ಣಿನೊಳಗಿನ ಹುಳುವನ್ನು ಮರೆಯದವನು ತನ್ನನ್ನು ಮರೆತಿಲ್ಲ ಎಂಬ ವಿಶ್ವಾಸವನ್ನು ಆ ಬೆಳಿಗ್ಗೆ ಅವರು ಮರಳಿ ಪಡೆದರೆಂದು ನನಗೆ ಈಗ ಅರ್ಥವಾಗುತ್ತದೆ. ಭೂಮಿಯ ಮೇಲೆ ಚಲಿಸುವ ಪ್ರತಿಯೊಂದು ಜೀವಿಯ ಅನ್ನಾಧಾರ ಅಲ್ಲಾಹನ ಹೊಣೆಯಾಗಿದೆ ಎಂದು ಸೂರಃ ಹೂದ್‌ನಲ್ಲಿ ಬಂದಿದೆ. ಆ ಸೂಕ್ತವನ್ನು ಅಬ್ಬಾ ಅರಬಿಯಲ್ಲಿ ತಿಳಿದಿರಲಿಲ್ಲ. ಅಂಗೈ ಮೇಲೆ ಅದನ್ನು ಕಂಡಿದ್ದರು.

ಹುಡುಗಿಯನ್ನು ಗದರಿಸಿದ ಆ ರಾತ್ರಿ ನಾನು ನಡೆದದ್ದನ್ನು ಅಬ್ಬಾಗೆ ಹೇಳಿದೆ. ಆಗ ಅವರಿಗೆ ವಯಸ್ಸಾಗಿತ್ತು, ಉಸಿರಾಟದ ತೊಂದರೆಯೂ ಇತ್ತು. ನನ್ನನ್ನು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಟಾ, ನಾನು ಇಪ್ಪತ್ತೆರಡು ವರ್ಷ ಕೆಳಗೆ ಇಳಿದೆ. ಕೆಳಗೆ ಹಕ್ಕಿ ಇರಲಿಲ್ಲ" ಎಂದರು. ಮತ್ತೇನೂ ಹೇಳಲಿಲ್ಲ. ಪಾಳಿ ಮುಗಿದು ಕೇಜ್ ಮೇಲೆ ಬಂದು ನಿಂತಾಗ ಬೆಳಕನ್ನೂ ಮರವನ್ನೂ ಹಕ್ಕಿಯನ್ನೂ ಹೊಸದಾಗಿ ಕಂಡವರ ಮಾತು ಅದು. ನಾವು ಮೇಲೆಯೇ ಇರುವವರು. ಎಲ್ಲವೂ ಎದುರಿಗಿದ್ದುದರಿಂದಲೇ ನಮಗೆ ಯಾವುದೂ ಕಾಣುವುದಿಲ್ಲ. ಅಬ್ಬಾ ಈಗ ಇಲ್ಲ. ಅಲ್ಲಾಹನು ಅವರ ಕಬ್ರನ್ನು ಬೆಳಗಿಸಲಿ.

ಸಮಯವೆಲ್ಲಿದೆ?

ಕೆಲವರು ಕೇಳಬಹುದು. ಬೆಳಗಿನ ಜಾವಕ್ಕೆ ಎದ್ದು ಬೆಂಗಳೂರಿನ ರೈಲು ಹಿಡಿದು, ರಾತ್ರಿ ಮನೆಗೆ ಮರಳುವವನಿಗೆ ಇದಕ್ಕೆಲ್ಲ ಸಮಯವೆಲ್ಲಿ? ನ್ಯಾಯವಾದ ಪ್ರಶ್ನೆ. ನಮ್ಮ ಊರಿನ ಸಾವಿರಾರು ಮಂದಿಯ ಬದುಕು ಹಾಗೆಯೇ ಇದೆ. ಆದರೆ ಇದಕ್ಕೆ ಬೇರೆ ಸಮಯ ಬೇಕಾಗಿಲ್ಲ. ಇರುವ ಸಮಯದಲ್ಲಿ ಕಣ್ಣು ತೆರೆದಿರಬೇಕು, ಅಷ್ಟೇ. ರೈಲಿನ ಕಿಟಕಿ ನಮ್ಮ ಪಕ್ಕದಲ್ಲೇ ಇದೆ. ನಾವು ಕೈಯಲ್ಲಿನ ಮೊಬೈಲಿಗೆ ತಲೆ ಬಗ್ಗಿಸಿದ್ದೇವೆ. ಬೇಸಿಗೆಯ ಆರಂಭದಲ್ಲಿ, ಕೆರೆಗಳು ಬತ್ತಿ ಹೊಲಗಳು ಬೋಳಾದಾಗ, ಹಳಿಯ ಪಕ್ಕದ ಹೊಂಗೆ ಮರಗಳು ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಚಿಗುರು ಹೊತ್ತು ನಿಲ್ಲುತ್ತವೆ. ಮಳೆಗೆ ಇನ್ನೂ ತಿಂಗಳುಗಳಿರುವಾಗ ಆ ಹಸಿರು ಎಲ್ಲಿಂದ ಬಂತು?

ಮಗ್ರಿಬ್ ನಮಾಝಿಗೆ ಹೋಗುವ ದಾರಿಯಲ್ಲಿ ಹುಣಸೆ ಮರವಿದ್ದರೆ ಅದರ ಎಲೆಗಳನ್ನು ಗಮನಿಸಿ. ಬೆಳಕು ಇಳಿಯುತ್ತಿದ್ದಂತೆ ಅವು ಜೋಡಿಜೋಡಿಯಾಗಿ ಮಡಿಸಿಕೊಳ್ಳುತ್ತವೆ. ಫಜ್ರ್ ನಂತರ ಬೆಳಕು ಹರಿದಾಗ ನೋಡಿದರೆ ಮತ್ತೆ ಬಿಚ್ಚಿಕೊಂಡಿರುತ್ತವೆ. ಎಲ್ಲ ವಸ್ತುಗಳೂ ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡುತ್ತಿವೆ, ಆದರೆ ಅವುಗಳ ಕೊಂಡಾಟ ನಿಮಗೆ ಅರ್ಥವಾಗುವುದಿಲ್ಲ ಎಂದು ಸೂರಃ ಬನೀ ಇಸ್ರಾಈಲ್‌ನಲ್ಲಿ ಬಂದಿದೆ. ಅರ್ಥವಾಗದಿದ್ದರೂ ಒಂದು ಕ್ಷಣ ನಿಂತು ನೋಡಬಹುದಲ್ಲವೇ?

ಮನೆಯ ಸಹೋದರಿಯರಿಗೆ ಹೊರಗೆ ಹೋಗಲು ಬಿಡುವಿಲ್ಲದಿರಬಹುದು. ಆದರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಮರುದಿನ ಸಿಪ್ಪೆಯೊಡೆದು ಬಿಳಿ ಮೊಳಕೆ ಚಾಚುವುದನ್ನು ಅವರಷ್ಟು ಸಲ ಕಂಡವರು ಯಾರಿದ್ದಾರೆ? ಕಾಳನ್ನೂ ಖರ್ಜೂರದ ಬೀಜವನ್ನೂ ಸೀಳುವವನು ತಾನೇ ಎಂದು ಅಲ್ಲಾಹನು ಸೂರಃ ಅಲ್ ಅನ್‌ಆಮ್‌ನಲ್ಲಿ ತನ್ನನ್ನು ಪರಿಚಯಿಸಿಕೊಂಡಿದ್ದಾನೆ. ಒಗ್ಗರಣೆಗೆ ಹಾಕುವ ಮುನ್ನ ಆ ಮೊಳಕೆಯನ್ನು ಮಗುವಿನ ಕೈಯಲ್ಲಿಟ್ಟು ಇದನ್ನು ಸೀಳಿದವನು ಯಾರೆಂದು ಕೇಳಿದರೆ, ತೌಹೀದಿನ ಮೊದಲ ಪಾಠ ಅಡುಗೆಮನೆಯಲ್ಲೇ ಆಗುತ್ತದೆ.

ಎರಡು ಎಚ್ಚರಿಕೆಗಳು

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಸಂತೋಷ ಕರ್ತವ್ಯಕ್ಕೆ ಬದಲಿಯಲ್ಲ. ಸೂರ್ಯೋದಯದ ಚೆಲುವನ್ನು ಹೊಗಳುತ್ತಾ ಫಜ್ರ್ ನಮಾಝನ್ನು ಕಳೆದುಕೊಂಡವನು ದೃಷ್ಟಾಂತವನ್ನು ಕಂಡು ದೃಷ್ಟಾಂತದ ಒಡೆಯನನ್ನು ಮರೆತವನು. ಹಾಗೆಯೇ ಕೆಲಸವಿಲ್ಲದೆ ನೊಂದವನಿಗೆ ಪ್ರಕೃತಿಯನ್ನು ನೋಡಿ ತೃಪ್ತಿಪಡು ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಅವನಿಗೆ ನೆರವಾಗುವುದು ನಮ್ಮ ಮೇಲಿನ ಹೊಣೆ. ಅಬ್ಬಾರ ಮುಖದಲ್ಲಿ ನಗು ತಂದದ್ದು ಆ ಪುಟ್ಟ ಹುಳುವಾದರೂ, ಆ ತಿಂಗಳುಗಳಲ್ಲಿ ನಮ್ಮ ಮನೆಗೆ ಅಕ್ಕಿ ತಂದಿಟ್ಟವರು ನೆರೆಯವರು. ಅವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು.

ಎರಡನೆಯದಾಗಿ, ನೋಡಿದ್ದನ್ನೆಲ್ಲ ಕಿತ್ತು ಮನೆಗೆ ತರುವುದು ಸಂತೋಷವಲ್ಲ. ಒಂದು ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿವರ್ಯರು(ಸ) ಅದನ್ನು ಕಂಡು, ಮರಿಗಳನ್ನು ಕಿತ್ತುಕೊಂಡು ಇದನ್ನು ನೋಯಿಸಿದವರು ಯಾರೆಂದು ಕೇಳಿ, ಮರಳಿ ಬಿಡಲು ಆಜ್ಞಾಪಿಸಿದರು. ಭೂಮಿಯನ್ನು ಬರೀ ಬೆಲೆಯ ದೃಷ್ಟಿಯಿಂದ ನೋಡಿದರೆ ಕೊನೆಗೆ ಏನು ಉಳಿಯುತ್ತದೆ ಎಂಬುದಕ್ಕೆ ಗಾಳಿ ಬೀಸಿದಾಗಲೆಲ್ಲ ಧೂಳೆಬ್ಬಿಸುವ ನಮ್ಮ ದಿಬ್ಬಗಳೇ ಸಾಕ್ಷಿ. ಸತ್ಯವಿಶ್ವಾಸಿಗೆ ಭೂಮಿ ಒಂದು ಅಮಾನತ್. ಅವನು ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಂಗಳದಲ್ಲಿ ಒಂದು ನುಗ್ಗೆ, ಮಸೀದಿಯ ಮುಂದೆ ಒಂದು ಹೊಂಗೆ, ಬೇಸಿಗೆಯಲ್ಲಿ ತಾರಸಿಯ ಮೇಲೆ ಹಕ್ಕಿಗಳಿಗೆ ಒಂದು ಬಟ್ಟಲು ನೀರು. ಸುಲೈಮಾನರ(ಅ) ಪ್ರಾರ್ಥನೆಯಲ್ಲಿದ್ದ ಸತ್ಕರ್ಮಕ್ಕೆ ಇವೂ ಸೇರುತ್ತವೆ.

ಮಾರನೆಯ ದಿನದ ಪಾಠ

ಮಾರನೆಯ ಸಂಜೆ ನಾನು ಮದ್ರಸಕ್ಕೆ ಹೋದಾಗ ಆ ಹುಡುಗಿ ಎಲ್ಲರಿಗಿಂತ ಮೊದಲೇ ಬಂದು ತಲೆ ತಗ್ಗಿಸಿ ಕುಳಿತಿದ್ದಳು. ಎಲ್ಲರ ಮುಂದೆ ಗದರಿಸಿದ್ದೆನಾದ್ದರಿಂದ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ಮಕ್ಕಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಶಿಕ್ಷಕರು ಕ್ಷಮೆ ಕೇಳುವುದನ್ನು ಅವರು ಹಿಂದೆ ಕಂಡಿರಲಿಲ್ಲ. ಆಮೇಲೆ, "ಬೇಟಿ, ನಿನ್ನೆ ನೀನು ನೋಡಿದ್ದನ್ನು ನಮಗೂ ತೋರಿಸು" ಎಂದೆ.

ನಾವೆಲ್ಲ ಬಾವಿಯ ಬಳಿಗೆ ಹೋದೆವು. ಈಚಲ ಮರದ ಗರಿಗಳ ತುದಿಯಲ್ಲಿ ಏಳೆಂಟು ಗೂಡುಗಳು ತೂಗುತ್ತಿದ್ದವು. ಕೆಲವು ಪೂರ್ಣವಾಗಿದ್ದವು, ಕೆಲವು ಮಗುಚಿದ ಬುಟ್ಟಿಯಂತೆ ಅರ್ಧಕ್ಕೆ ನಿಂತಿದ್ದವು. ಹಳದಿ ತಲೆಯ ಗಂಡು ಗೀಜಗ ಹಸಿರು ಹುಲ್ಲಿನ ಎಳೆಯನ್ನು ಕೊಕ್ಕಿನಲ್ಲಿ ತಂದು, ತಲೆಕೆಳಗಾಗಿ ನೇತಾಡುತ್ತಾ ಪೋಣಿಸುತ್ತಿತ್ತು. ಒಂದು ಗೂಡಿಗೆ ಅದು ನೂರಾರು ಸಲ ಹೀಗೆ ಹೋಗಿ ಬರಬೇಕು. ಗೂಡು ಗಾಳಿಗೆ ತೀರ ಹಗುರವಾಗದಂತೆಯೋ ಏನೋ, ಒಳಗೆ ಹಸಿ ಮಣ್ಣನ್ನೂ ಮೆತ್ತುತ್ತದೆ. ಅರ್ಧ ಕಟ್ಟಿದ ಮೇಲೆ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಒಪ್ಪದಿದ್ದರೆ ಬೇರೆ ಗೂಡು.

ಹುಡುಗಿ ನನ್ನ ಬಳಿಗೆ ಬಂದು ಮೆಲ್ಲಗೆ ಹೇಳಿದಳು. "ಹಜ್ರತ್, ಗೂಡುಗಳೆಲ್ಲ ಈ ಕಡೆಗೇ ಇವೆ. ಆ ಕಡೆ ಒಂದೂ ಇಲ್ಲ." ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಗೂಡುಗಳು ಮರದ ಪೂರ್ವ ಭಾಗದಲ್ಲಿದ್ದವು. ನೈಋತ್ಯದಿಂದ ಬೀಸುವ ಮುಂಗಾರಿನ ಗಾಳಿಗೆ ಮರವೇ ಅಡ್ಡವಾಗಿ ನಿಂತಿತ್ತು. ಗೀಜಗ ಸಾಮಾನ್ಯವಾಗಿ ಹಾಗೆಯೇ ಕಟ್ಟುತ್ತದೆಂದು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ. ಎಷ್ಟೋ ವರ್ಷ ಅದೇ ದಾರಿಯಲ್ಲಿ ನಡೆದ ನಾನು ಅದನ್ನು ಕಂಡಿರಲಿಲ್ಲ. ಅರ್ಧ ಗಂಟೆ ನಿಂತು ನೋಡಿದ ಒಂಬತ್ತು ವರ್ಷದ ಮಗು ಕಂಡಿತ್ತು.

ಒಂಟೆ ನೋಡದವರು ಏನು ನೋಡಬೇಕೆಂದು ಕೇಳಿದ್ದ ಹುಡುಗ ನನ್ನ ಕೈ ಹಿಡಿದುಕೊಂಡು ನಿಂತಿದ್ದ. ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಅಲ್ಲಿಯೇ ನಿಂತು ನಾವು ಸೂರಃ ಅಲ್ ಗಾಶಿಯಃದ ಆ ನಾಲ್ಕು ಸೂಕ್ತಗಳನ್ನು ಒಟ್ಟಿಗೆ ಓದಿದೆವು. ಮಗ್ರಿಬ್ ಅಝಾನ್ ಆಯಿತು. ಎಲ್ಲರೂ ಮಸೀದಿಗೆ ನಡೆದೆವು.

ನಮ್ಮ ಪ್ರಭೂ, ನೀನು ನಮ್ಮ ಸುತ್ತಲೂ ಇರಿಸಿದ ದೃಷ್ಟಾಂತಗಳನ್ನು ಕಾಣುವ ಕಣ್ಣನ್ನೂ, ಕಂಡು ಸಂತೋಷಪಡುವ ಹೃದಯವನ್ನೂ, ಆ ಸಂತೋಷವನ್ನು ಕೃತಜ್ಞತೆಯನ್ನಾಗಿಯೂ ಸತ್ಕರ್ಮವನ್ನಾಗಿಯೂ ಮಾಡುವ ತೌಫೀಕನ್ನೂ ನಮಗೆ ದಯಪಾಲಿಸು. ನಮ್ಮ ಮಕ್ಕಳ ಕಣ್ಣಿನ ಬೆಳಕನ್ನು ನಮ್ಮ ಕಾಠಿಣ್ಯದಿಂದ ಆರಿಸದಂತೆ ನಮ್ಮನ್ನು ಕಾಪಾಡು. ಆಮೀನ್.